ಹೊರಗುತ್ತಿಗೆಯಲ್ಲಿ ಹೊರಗೆ ಹೋದದ್ದು ಏನು?

ವ್ಯಾಪಾರಸ್ಥರಿಗೆ ಇಂದು ಎಲ್ಲಿ ಹೋದರೂ ಕೇಳಸಿಗುವ ಉಪದೇಶ ಒಂದೇ. ಸರಕು ಇಡುವ ಗೋದಾಮು, ಅದನ್ನು ಸಾಗಿಸುವ ಗಾಡಿ, ಗಿರಾಕಿಯ ಮನೆಗೆ ಮುಟ್ಟಿಸುವ ಹುಡುಗ ಎಂಬ ತಲೆನೋವುಗಳನ್ನೆಲ್ಲ ನೀವೇಕೆ ಹೊರುತ್ತೀರಿ? ಹೊರಗಿನವರಿಗೆ ವಹಿಸಿಬಿಡಿ. ಲೆಕ್ಕ ಇಡುವುದನ್ನು, ದಾರಿ ತೋರಿಸುವುದನ್ನು, ಹುಡುಗನ ಮೇಲೆ ಕಣ್ಣಿಡುವುದನ್ನು ಮೊಬೈಲಿನ ಆ್ಯಪ್‌ಗೆ ಬಿಡಿ. ಖರ್ಚು ಇಳಿಯುತ್ತದೆ, ವೇಗ ಹೆಚ್ಚುತ್ತದೆ, ವ್ಯವಹಾರದ ದಕ್ಷತೆ ಬೆಳೆಯುತ್ತದೆ. ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಬಟ್ಟೆ ಅಂಗಡಿಯವರಿಂದ ಹಿಡಿದು ಸಂತೇಪೇಟೆಯ ದಿನಸಿ ಸಗಟು ವ್ಯಾಪಾರಿಗಳವರೆಗೆ ಈ ಮಾತನ್ನು ಕೇಳದವರು ವಿರಳ. ಕೇಳಿ ತಲೆದೂಗಿದವರೂ ಬಹಳ.

ಈ ಏರ್ಪಾಟಿಗೆ ಕನ್ನಡದಲ್ಲಿ 'ಹೊರಗುತ್ತಿಗೆ' ಎಂಬ ಹೆಸರು ಬಂದಿದೆ. ಬಹಳ ಅರ್ಥವತ್ತಾದ ಹೆಸರು. ಗುತ್ತಿಗೆ ನಮಗೆ ಹಳೆಯದು. ಅದಕ್ಕೆ 'ಹೊರ' ಎಂಬುದು ಸೇರಿಕೊಂಡಿತು. ಆದರೆ ಹೊರಗೆ ಹೋದದ್ದು ಏನು ಎಂದು ನಾವು ಕೇಳಿಕೊಂಡಿಲ್ಲ. ಲಾಭ ಹೊರಗೆ ಹೋಗಲಿಲ್ಲ, ಅದು ಒಳಗೇ ಇದೆ. ಬೆಲೆ ನಿಗದಿ ಮಾಡುವ ಅಧಿಕಾರವೂ, ಬೇಡವಾದವನನ್ನು ಕಿತ್ತೊಗೆಯುವ ಅಧಿಕಾರವೂ ಒಳಗೇ ಇವೆ. ಹೊರಗೆ ಹೋದದ್ದು ಹೊಣೆಗಾರಿಕೆ ಮಾತ್ರ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ನಾವು ತಂತ್ರಜ್ಞಾನದ ವೈರಿಗಳಲ್ಲ. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆಯ ಕಟ್ಟಿನ ಪಕ್ಕದಲ್ಲಿ ಕ್ಯೂಆರ್ ಕೋಡಿನ ರಟ್ಟು ನಿಂತಿರುವುದನ್ನು ನೋಡಿ ನಮಗೆ ಸಂತೋಷವೇ ಆಗುತ್ತದೆ. ಚಿಲ್ಲರೆಗಾಗಿ ಜಗಳವಾಡುವುದು ತಪ್ಪಿದೆ, ಸಂಜೆಯ ಲೆಕ್ಕ ಸುಲಭವಾಗಿದೆ. 2022ರಲ್ಲಿ ಬೆಂಗಳೂರಿನಲ್ಲಿ ಆಟೋ ಚಾಲಕರ ಒಕ್ಕೂಟದ ಜೊತೆಗೂಡಿ ಆರಂಭವಾಗಿ ಅನಂತರ ಮೈಸೂರಿಗೂ ಬಂದ 'ನಮ್ಮ ಯಾತ್ರಿ' ಆ್ಯಪ್, ಪ್ರತಿ ಬಾಡಿಗೆಯಲ್ಲೂ ಕಮಿಷನ್ ಕತ್ತರಿಸದೆ ವ್ಯವಹಾರ ನಡೆಸಬಹುದೆಂದು ತೋರಿಸಿಕೊಟ್ಟಿತು. 2021ರಲ್ಲಿ ನಮ್ಮ ಕೆಎಸ್‌ಆರ್‌ಟಿಸಿ 'ನಮ್ಮ ಕಾರ್ಗೋ' ಎಂಬ ಹೆಸರಿನಲ್ಲಿ ಸರಕು ಸಾಗಣೆಗೆ ಇಳಿಯಿತು. 2023ರ ಕೊನೆಗೆ ಅದಕ್ಕೆಂದೇ ಸ್ವಂತ ಲಾರಿಗಳನ್ನು ರಸ್ತೆಗೆ ಬಿಟ್ಟಿತು. ಯಂತ್ರವೊಂದೇ, ಅದನ್ನು ನಡೆಸುವ ಕರಾರುಗಳು ಬೇರೆ ಬೇರೆ. ನಮ್ಮ ತಕರಾರು ಇರುವುದು ಕರಾರಿನ ಬಗ್ಗೆ.

ಹಾಗಾದರೆ 'ಖರ್ಚು ಇಳಿಯಿತು' ಎನ್ನುವಾಗ ಆ ಖರ್ಚು ಎಲ್ಲಿಗೆ ಹೋಯಿತು? ಕುವೆಂಪುನಗರದ ಮನೆಯೊಂದಕ್ಕೆ ರಾತ್ರಿ ಹತ್ತು ಗಂಟೆಗೆ ಒಂದು ಪೊಟ್ಟಣ ಬಿರಿಯಾನಿ ತಂದುಕೊಡುವ ಹುಡುಗನನ್ನು ನೋಡಿ. ಬೈಕು ಅವನದು, ಅದರ ಸಾಲದ ಕಂತು ಅವನದು. ಪೆಟ್ರೋಲು ಅವನದು. ಮೊಬೈಲು, ಅದರ ಡೇಟಾ, ಸವೆದ ಟೈರು, ಒದ್ದೆಯಾದ ಬಟ್ಟೆ ಎಲ್ಲವೂ ಅವನವೇ. ಹೋಟೆಲಿನ ಮುಂದೆ ಅರ್ಧ ಗಂಟೆ ಕಾಯ್ದರೆ ಆ ಅರ್ಧ ಗಂಟೆ ಅವನ ಆಯುಷ್ಯದಿಂದ ಕಳೆಯುತ್ತದೆಯೇ ಹೊರತು ಕಂಪೆನಿಯ ಲೆಕ್ಕದಿಂದಲ್ಲ. ರಿಂಗ್ ರಸ್ತೆಯಲ್ಲಿ ಲಾರಿಯೊಂದು ತಗುಲಿದರೆ ಮುರಿಯುವ ಕಾಲೂ ಅವನದೇ. ಹಿಂದಿನ ಕಾಲದ ಮಾಲೀಕ ಗಾಡಿ, ಎತ್ತು, ಹುಲ್ಲು ತನ್ನದೆಂದು ಇಟ್ಟುಕೊಂಡು ಆಳಿಗೆ ಸಂಬಳ ಕೊಡುತ್ತಿದ್ದ. ಇಂದಿನ ಮಾಲೀಕನಿಗೆ ಗಾಡಿಯೂ ಬೇಡ, ಹುಲ್ಲೂ ಬೇಡ. ಅಳೇ ಗಾಡಿ ತರುತ್ತಾನೆ, ಆಳೇ ಹುಲ್ಲು ಹಾಕುತ್ತಾನೆ. ಮೇಲಾಗಿ ಅವನನ್ನು ಆಳೆಂದು ಕರೆಯುವುದಿಲ್ಲ, 'ಪಾಲುದಾರ' ಎಂದು ಕರೆಯುತ್ತಾರೆ. ಪಾಲುದಾರನಿಗೆ ಲಾಭದಲ್ಲಿ ಪಾಲಿಲ್ಲ. ನಷ್ಟ ಮಾತ್ರ ಪೂರ್ತಿ ಅವನ ಪಾಲು.

ಇದನ್ನು ಇಪ್ಪತ್ತೊಂದನೇ ಶತಮಾನದ ಹೊಸ ಆವಿಷ್ಕಾರವೆಂದು ಹೇಳುವವರು ಮೈಸೂರಿನ ಉದಯಗಿರಿ, ಶಾಂತಿನಗರ, ರಾಜೀವನಗರ, ಗೌಸಿಯಾನಗರಗಳ ಗಲ್ಲಿಗಳಲ್ಲಿ ಒಂದು ದಿನ ಓಡಾಡಬೇಕು. ಇಲ್ಲಿನ ಮನೆಗಳಿಗೆ ಹೊರಗುತ್ತಿಗೆ ಬಂದು ಎಷ್ಟೋ ಕಾಲವಾಯಿತು. ಅದು ಬೀಡಿಯ ರೂಪದಲ್ಲಿ ಬಂತು, ಊದುಬತ್ತಿಯ ರೂಪದಲ್ಲಿ ಬಂತು. ಕಂಪೆನಿಗೆ ಕಾರ್ಖಾನೆಯ ಕಟ್ಟಡ ಬೇಕಿರಲಿಲ್ಲ, ನಮ್ಮ ಅಮ್ಮಂದಿರ ಮನೆಯ ಪಡಸಾಲೆಯೇ ಕಾರ್ಖಾನೆಯಾಯಿತು. ದೀಪದ ಖರ್ಚು ಮನೆಯದು, ಎಲೆ ನೆನೆಸುವ ನೀರು ಮನೆಯದು, ಕತ್ತರಿ ಮನೆಯದು. ಹೊಗೆಸೊಪ್ಪಿನ ಧೂಳು ಹೋಗಿ ಸೇರಿದ ಶ್ವಾಸಕೋಶವೂ ಮನೆಯದೇ. ಕಂತ್ರಾಟುದಾರ ಎಲೆ, ಹೊಗೆಸೊಪ್ಪು, ನೂಲನ್ನು ತೂಗಿ ಕೊಡುತ್ತಿದ್ದ. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ. ಎಲೆ ಹರಿದದ್ದು ಬಂದರೆ ಕೊರತೆ ತುಂಬುವವಳು ಕಟ್ಟುವವಳೇ. ಕಟ್ಟಿದ್ದರಲ್ಲಿ ಒಂದಷ್ಟನ್ನು ಸರಿಯಿಲ್ಲವೆಂದು ಆತ ಪಕ್ಕಕ್ಕೆ ಸರಿಸಿದರೆ ಅದಕ್ಕೆ ಕೂಲಿಯಿಲ್ಲ. ಕಂಪೆನಿಯವರನ್ನು ಕೇಳಿದರೆ ಅವರು ನಮ್ಮ ಕೆಲಸಗಾರರೇ ಅಲ್ಲ, ಕಂತ್ರಾಟುದಾರನನ್ನು ಕೇಳಿ ಎನ್ನುತ್ತಿದ್ದರು. ಕಂತ್ರಾಟುದಾರನನ್ನು ಕೇಳಿದರೆ ನಾನೂ ಕೂಲಿಯವನೇ, ಕಂಪೆನಿಯನ್ನು ಕೇಳಿ ಎನ್ನುತ್ತಿದ್ದ.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸಾವಿರ ಬೀಡಿಗೆ ಇಷ್ಟು ಎಂಬುದರ ಜಾಗದಲ್ಲಿ ಒಂದು ಆರ್ಡರಿಗೆ ಇಷ್ಟು ಎಂದು ಬಂದಿದೆ. ಕಂತ್ರಾಟುದಾರನ ಜಾಗದಲ್ಲಿ ಹುಡುಗರನ್ನು ಒದಗಿಸುವ ಏಜೆನ್ಸಿ ಬಂದಿದೆ. ಎಲೆಯ ಕೊರತೆಯ ಜಾಗದಲ್ಲಿ ನಗದು ಕೊರತೆ, ಒಡೆದ ಪಾರ್ಸೆಲ್ಲಿನ ಕಡಿತ. ಬೀಡಿಯನ್ನು ಪಕ್ಕಕ್ಕೆ ಸರಿಸುವ ಕೈಯ ಜಾಗದಲ್ಲಿ ಗಿರಾಕಿ ಒತ್ತುವ ನಕ್ಷತ್ರಗಳು. ಹೊಸದೆಂದರೆ ವೇಗ ಒಂದೇ. ಅಂದು ವಾರಕ್ಕೊಮ್ಮೆ ನಡೆಯುತ್ತಿದ್ದ ಕಡಿತ ಇಂದು ನಿಮಿಷಕ್ಕೊಮ್ಮೆ ನಡೆಯಬಲ್ಲದು.

ನಮಗೆ ಹತ್ತಿರದಿಂದ ಗೊತ್ತಿರುವ ಒಂದು ಮನೆಯ ಕತೆ ಹೇಳಬೇಕು. ತಾಯಿ ಮೂವತ್ತು ವರ್ಷ ಬೀಡಿ ಕಟ್ಟಿದವರು. ಮಗ ಪಿಯುಸಿ ಮುಗಿಸಿ, ಎರಡು ವರ್ಷ ಅಂಗಡಿಯಲ್ಲಿ ನಿಂತು, ಈಗ ಒಂದು ಕಂಪೆನಿಗೆ ಪಾರ್ಸೆಲ್ ಮುಟ್ಟಿಸುತ್ತಾನೆ. ಒಂದು ಬೆಳಿಗ್ಗೆ ಆ್ಯಪ್ ತೆರೆದರೆ ಅವನ ಐಡಿ ಬಂದ್ ಆಗಿತ್ತು. ಯಾರೋ ಗಿರಾಕಿ ದೂರು ಕೊಟ್ಟಿದ್ದಾರಂತೆ. ಯಾರು, ಏನು, ಯಾವಾಗ ಎಂಬುದಿಲ್ಲ. ದೂರವಾಣಿ ಸಂಖ್ಯೆಗೆ ಕರೆ ಮಾಡಿದರೆ ಧ್ವನಿಮುದ್ರಿಕೆ ಮಾತಾಡುತ್ತದೆ. ಸಂದೇಶ ಕಳಿಸಿದರೆ ನಿಮ್ಮ ಅಹವಾಲು ತಲುಪಿದೆ ಎಂಬ ಒಂದೇ ಉತ್ತರ. ಹನ್ನೊಂದು ದಿನ ಅವನು ಬೈಕನ್ನು ಮನೆ ಮುಂದೆ ನಿಲ್ಲಿಸಿ ಮೊಬೈಲನ್ನು ನೋಡುತ್ತ ಕುಳಿತಿದ್ದ. ಬೈಕಿನ ಕಂತು ಕಟ್ಟುವ ದಿನ ಮಾತ್ರ ತಪ್ಪದೆ ಬಂತು. ಆಗ ತಾಯಿ ಕೇಳಿದ್ದು ಇಷ್ಟೇ: "ನಮ್ಮ ಕಂತ್ರಾಟುದಾರ ಎಷ್ಟು ಕೆಟ್ಟವನಾದರೂ ಅವನ ಮನೆ ಗೊತ್ತಿತ್ತು. ನಾಲ್ಕು ಹೆಂಗಸರು ಹೋಗಿ ಬಾಗಿಲಲ್ಲಿ ಕೂತರೆ ಹೊರಗೆ ಬರುತ್ತಿದ್ದ. ನಿನ್ನ ಸೇಠು ಎಲ್ಲಿರುತ್ತಾನೆ ಬೇಟಾ?"

ಮಗನಲ್ಲಿ ಉತ್ತರವಿರಲಿಲ್ಲ. ಹನ್ನೆರಡನೇ ದಿನ ಐಡಿ ತಾನಾಗಿ ತೆರೆದುಕೊಂಡಿತು. ಏಕೆ ಮುಚ್ಚಿತ್ತು ಎಂದು ಹೇಳುವವರಿರಲಿಲ್ಲ, ಏಕೆ ತೆರೆಯಿತು ಎಂದೂ ಹೇಳುವವರಿರಲಿಲ್ಲ. ದಕ್ಷತೆ ಎಂದು ನಾವು ಕೊಂಡಾಡುತ್ತಿರುವುದರ ಒಳಗೆ ಈ ಮೌನವೂ ಸೇರಿದೆ ಎಂಬುದನ್ನು ಮರೆಯಬಾರದು.

ಆದರೆ ಆ ತಾಯಿಯ ಪೀಳಿಗೆ ಸುಮ್ಮನೆ ಕೂರಲಿಲ್ಲ. ಈ ಇತಿಹಾಸವನ್ನು ನಮ್ಮ ಹುಡುಗರಿಗೆ ಯಾರೂ ಹೇಳಿಕೊಡುತ್ತಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ. 1958ರಲ್ಲಿ ಸುಪ್ರೀಂ ಕೋರ್ಟು ಚಿಂತಾಮನ್ ರಾವ್ ಪ್ರಕರಣದಲ್ಲಿ, ಬೀಡಿ ಮಾಡಿಸಿಕೊಡುವ ಸಟ್ಟೆದಾರರಾಗಲಿ ಅವರ ಕೂಲಿಗಳಾಗಲಿ ಕಾರ್ಖಾನೆ ಕಾಯ್ದೆಯ ಪ್ರಕಾರ ಕಂಪೆನಿಯ ಕಾರ್ಮಿಕರಲ್ಲ ಎಂದಿತು. ಸಟ್ಟೆದಾರ ಸ್ವತಂತ್ರ ಗುತ್ತಿಗೆದಾರ ಎಂಬುದು ಅಂದಿನ ತೀರ್ಮಾನ. ಇಂದಿನ 'ಪಾಲುದಾರ' ಎಂಬ ಮಾತಿನ ಪೂರ್ವಜನನ್ನು ನೀವು ಅಲ್ಲಿ ಕಾಣಬಹುದು. ಹೋರಾಟ ನಿಲ್ಲಲಿಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕೂತು ಬೀಡಿ ಕಟ್ಟುವವಳೂ ಕಾರ್ಮಿಕಳೇ, ಮಧ್ಯದಲ್ಲಿ ಎಷ್ಟು ಜನ ಕಂತ್ರಾಟುದಾರರಿದ್ದರೂ ಮುಖ್ಯ ಮಾಲೀಕನ ಹೊಣೆ ತಪ್ಪದು ಎಂದು ಅದು ಹೇಳಿತು. ಬೀಡಿಯನ್ನು ಮನಸ್ಸಿಗೆ ಬಂದಷ್ಟು ತಿರಸ್ಕರಿಸುವುದಕ್ಕೂ ನಿಯಮಗಳು ಕಡಿವಾಣ ಹಾಕಿದವು.

ಮಾಲೀಕರು ಕೋರ್ಟಿಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಎತ್ತಿ ಹಿಡಿದ ತೀರ್ಪು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣ ಎಂದೇ ಕಾನೂನಿನ ಪುಸ್ತಕಗಳಲ್ಲಿ ಹೆಸರಾಗಿದೆ. ಹೆಸರಿನಲ್ಲಿ ಮಂಗಳೂರು ಇದ್ದರೂ ಆ ಸಂಸ್ಥೆಯ ನೆಲೆ ನಮ್ಮ ಮೈಸೂರು. 1977ರಲ್ಲಿ ಭವಿಷ್ಯ ನಿಧಿ ಬೀಡಿ ಉದ್ದಿಮೆಗೂ ವಿಸ್ತರಿಸಿತು. ಮನೆಯಲ್ಲಿ ಕಟ್ಟುವವರಿಗೆ ಅದು ಸಲ್ಲದೆಂಬ ವಾದ ಮತ್ತೆ ಕೋರ್ಟಿಗೆ ಬಂತು. 1985ರಲ್ಲಿ ಪಿ.ಎಂ. ಪಟೇಲ್ ಆಂಡ್ ಸನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಉತ್ತರವನ್ನು ಪ್ರತಿಯೊಬ್ಬ ಡೆಲಿವರಿ ಹುಡುಗನೂ ತಿಳಿದಿರಬೇಕು. ಕಂಪೆನಿಯ ಮೇಸ್ತ್ರಿ ಮನೆಗೆ ಬಂದು ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಕಚ್ಚಾ ವಸ್ತು ಕೊಟ್ಟು, ಕಟ್ಟಿ ತಂದ ಬೀಡಿಯನ್ನು ತಿರಸ್ಕರಿಸುವ ಹಕ್ಕನ್ನು ಕೈಯಲ್ಲಿಟ್ಟುಕೊಂಡಿದ್ದಾನಲ್ಲ, ಅಷ್ಟು ಹತೋಟಿ ಸಾಕು, ಅವನು ಮಾಲೀಕ ಎಂಬುದು ಆ ತೀರ್ಪಿನ ಸಾರ.

ಈ ಮಾತನ್ನು ಮೊಬೈಲಿನ ಮುಂದೆ ಹಿಡಿಯಿರಿ. ಯಾವ ದಾರಿಯಲ್ಲಿ ಹೋಗಬೇಕೆಂದು ಹೇಳುವುದು ಆ್ಯಪ್. ಎಷ್ಟು ಹೊತ್ತಿನಲ್ಲಿ ಮುಟ್ಟಬೇಕೆಂದು ಹೇಳುವುದು ಆ್ಯಪ್. ಎಷ್ಟು ದುಡ್ಡೆಂದು ನಿರ್ಧರಿಸುವುದು, ಅಂಗಿಯ ಬಣ್ಣ ಯಾವುದೆಂದು ಹೇಳುವುದು, ಅಂಕ ಕಡಿಮೆಯಾದರೆ ಆರ್ಡರು ಕೊಡದಿರುವುದು, ಕೊನೆಗೆ ಐಡಿ ಮುಚ್ಚುವುದು ಎಲ್ಲವೂ ಅದರ ಕೈಯಲ್ಲೇ. ಬೀಡಿ ಕಂಪೆನಿಗೆ ವಾರಕ್ಕೊಮ್ಮೆ ಇದ್ದ ಹತೋಟಿ ಇಲ್ಲಿ ಹೆಜ್ಜೆ ಹೆಜ್ಜೆಗೂ ಇದೆ. ಒಂದು ಕಟ್ಟು ಬೀಡಿಯನ್ನು ತಿರಸ್ಕರಿಸುವ ಹಕ್ಕು ಒಬ್ಬನನ್ನು ಮಾಲೀಕನನ್ನಾಗಿ ಮಾಡುವುದಾದರೆ, ಇಡೀ ಮನುಷ್ಯನನ್ನೇ ತಿರಸ್ಕರಿಸುವ ಹಕ್ಕು ಏನು ಮಾಡಬೇಕು? ದೂರದ ಬ್ರಿಟನ್ನಿನಲ್ಲಿ 2021ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಊಬರ್ ಚಾಲಕರು ಸ್ವತಂತ್ರ ವ್ಯಾಪಾರಿಗಳಲ್ಲ, ಕಾರ್ಮಿಕರು ಎಂದಿತು. ಆ್ಯಪ್ ತೆರೆದು ಬಾಡಿಗೆಗೆ ಸಿದ್ಧವಾಗಿ ಕಾಯುವ ಹೊತ್ತೂ ಕೆಲಸದ ಹೊತ್ತೇ ಎಂದಿತು. ಆ ತೀರ್ಪನ್ನು ಉದಾಹರಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಅದಕ್ಕೂ 36 ವರ್ಷ ಮೊದಲು ನಮ್ಮದೇ ಹೆಂಗಸರ ಬೀಡಿ ಮೊರದಿಂದ ಹುಟ್ಟಿದ ತರ್ಕವನ್ನು ನೆನೆಯುವವರು ಕಡಿಮೆ.

ಆದರೆ ನಮ್ಮ ಇಂದಿನ ಕಾನೂನು ಏನು ಹೇಳುತ್ತದೆ? 2020ರಲ್ಲಿ ಅಂಗೀಕಾರವಾಗಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕೆಲಸಗಾರನನ್ನು ಹೆಸರಿಸಿತು ನಿಜ. ಆದರೆ ಹೆಸರಿಸುವಾಗಲೇ ಅವನನ್ನು ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗೆ ದುಡಿಯುವವನು ಎಂದು ವ್ಯಾಖ್ಯಾನಿಸಿತು. ನೋಡಿ, ಮತ್ತೆ 'ಹೊರಗೆ'! 1966ರ ಕಾಯ್ದೆ ಹೊರಗಿದ್ದವಳನ್ನು ಒಳಗೆ ತಂದಿತ್ತು. ಹೊಸ ಸಂಹಿತೆ ಹೊರಗಿರುವವನಿಗೆ ಹೊರಗೇ ಒಂದು ಚಾಪೆ ಹಾಸಿ ಕೊಟ್ಟಿತು. ಆ ಹಳೆಯ ಬೀಡಿ ಕಾಯ್ದೆಯೂ ಅದೇ ದಿನ ಜಾರಿಗೆ ಬಂದ ಇನ್ನೊಂದು ಸಂಹಿತೆಯಲ್ಲಿ ಲೀನವಾಯಿತು.

ಕರ್ನಾಟಕ ಇದಕ್ಕಿಂತ ಮುಂದೆ ಹೋಗಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. 2023ರಲ್ಲಿ ರಾಜಸ್ಥಾನ ಮೊದಲು ಇಂಥ ಕಾಯ್ದೆ ಮಾಡಿತು. ನಮ್ಮ ರಾಜ್ಯ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಅದನ್ನು ಕಾಯ್ದೆಯಾಗಿಸಿತು. ಅದರಂತೆ ಕಲ್ಯಾಣ ಮಂಡಳಿ ಇರಬೇಕು. ಕಂಪೆನಿಗಳು ತಮ್ಮ ಕೆಲಸಗಾರರ ಪಟ್ಟಿಯನ್ನು ಮಂಡಳಿಗೆ ಕೊಡಬೇಕು. ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಸಲ್ಲುವ ಮೊತ್ತದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕಾರಣವನ್ನು ಬರೆದುಕೊಟ್ಟು 14 ದಿನ ಮೊದಲು ತಿಳಿಸದೆ ಯಾರನ್ನೂ ತೆಗೆಯುವಂತಿಲ್ಲ. ಯಂತ್ರ ಯಾವ ಲೆಕ್ಕದಲ್ಲಿ ಕೆಲಸ ಹಂಚುತ್ತದೆ, ಅಂಕ ಕೊಡುತ್ತದೆ ಎಂಬುದನ್ನು ಕೆಲಸಗಾರ ಕೇಳಿದರೆ ತಿಳಿಸಬೇಕು. ಇವೆಲ್ಲ ಸಣ್ಣ ಸಂಗತಿಗಳಲ್ಲ. ಹನ್ನೊಂದು ದಿನ ಮೊಬೈಲು ನೋಡುತ್ತ ಕೂತ ಆ ಹುಡುಗನಿಗೆ ಕಾನೂನಿನ ಪುಸ್ತಕದಲ್ಲಾದರೂ ಈಗ ಉತ್ತರವಿದೆ.

ಹಾಗಿದ್ದರೆ ನಮ್ಮ ದೂರೇನು? ಬೀಡಿಯ ಇತಿಹಾಸವನ್ನು ಬಲ್ಲವರು ಇಷ್ಟಕ್ಕೆ ನಿಶ್ಚಿಂತರಾಗಲಾರರು. 1976ರಲ್ಲಿ ಬೀಡಿಯ ಮೇಲೂ ಒಂದು ಸೆಸ್ ಹಾಕಿ, ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಸ್ಥಾಪಿಸಲಾಗಿತ್ತು. ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ಸಹಾಯ, ಔಷಧಾಲಯ ಎಲ್ಲ ಆ ನಿಧಿಯಿಂದ ಬಂದವು. ಮೈಸೂರಿನಲ್ಲಿ ಬೀಡಿ ಕಾರ್ಮಿಕರಿಗೆಂದೇ ಆಸ್ಪತ್ರೆ ಬಂದದ್ದು ಆ ವ್ಯವಸ್ಥೆಯಿಂದಲೇ. ಆ ಸೆಸ್ಸು ಇಂದು ಎಲ್ಲಿದೆ? 2017ರಲ್ಲಿ ಜಿಎಸ್‌ಟಿ ಬರುವಾಗ ತೆರಿಗೆಗಳನ್ನು ಸರಳಗೊಳಿಸುತ್ತೇವೆ ಎಂದು ಅದನ್ನು ರದ್ದುಪಡಿಸಲಾಯಿತು. ಅಂದಿನಿಂದ ಯೋಜನೆಗಳು ಸರಕಾರ ಬಜೆಟ್ಟಿನಲ್ಲಿ ಇಡುವ ಹಣವನ್ನು ನೆಚ್ಚಿಕೊಂಡು ನಡೆಯುತ್ತಿವೆ. ಕಟ್ಟಿದ ಪ್ರತಿ ಸಾವಿರ ಬೀಡಿಯಿಂದ ಹಕ್ಕಾಗಿ ಬರುತ್ತಿದ್ದದ್ದು ಬಜೆಟ್ಟಿನ ಕೃಪೆಯಾಯಿತು. ನಲವತ್ತು ವರ್ಷದ ಹಕ್ಕನ್ನು ಒಂದು ತೆರಿಗೆ ಸುಧಾರಣೆ ಸದ್ದಿಲ್ಲದೆ ಅಳಿಸಿಹಾಕಿತು. ಅಲ್ಲೂ ಹೇಳಿದ್ದು ದಕ್ಷತೆಯ ಮಾತೇ.

ಇನ್ನೊಂದು ಪಾಠ ಕಟ್ಟಡ ಕಾರ್ಮಿಕರದು. ಅವರ ಹೆಸರಿನಲ್ಲಿ 1996ರ ಕಾಯ್ದೆಯಡಿ ಸೆಸ್ ಸಂಗ್ರಹವಾಯಿತು. ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಕಾರ್ಮಿಕರಿಗೆ ತಲುಪದೆ ಉಳಿದಿರುವುದನ್ನು ಕಂಡು 2018ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಒಂದು ಕಡೆ ನಿಧಿಯಿದ್ದೂ ತಲುಪಲಿಲ್ಲ, ಇನ್ನೊಂದು ಕಡೆ ತಲುಪುತ್ತಿದ್ದ ನಿಧಿಯನ್ನೇ ಮುಚ್ಚಲಾಯಿತು. ಗಿಗ್ ಕೆಲಸಗಾರರ ಕಲ್ಯಾಣ ಶುಲ್ಕದ ಮುಂದೆ ಈ ಎರಡು ಗುಂಡಿಗಳೂ ಬಾಯಿ ತೆರೆದಿವೆ. ರಾಜ್ಯದ ಕಾಯ್ದೆ ಒಂದು ಲೆಕ್ಕದಲ್ಲಿ ಶುಲ್ಕ ಕೇಳುತ್ತದೆ, ಕೇಂದ್ರದ ಸಂಹಿತೆ ಕಂಪೆನಿಯ ವಾರ್ಷಿಕ ವಹಿವಾಟಿನ ಶೇಕಡಾ 1ರಿಂದ 2ರ ಲೆಕ್ಕದಲ್ಲಿ ವಂತಿಗೆ ಕೇಳುತ್ತದೆ. ನಾಳೆ ಒಂದನ್ನು ತೋರಿಸಿ ಇನ್ನೊಂದರಿಂದ ನುಣುಚಿಕೊಳ್ಳುವ ವಕೀಲರಿಗೆ ಕೊರತೆಯಾಗದು. 2017 ಮರುಕಳಿಸಬಾರದೆಂದರೆ ಇಂದೇ ಎಚ್ಚರವಾಗಿರಬೇಕು.

ಮೂರನೆಯದು ಕಾಯ್ದೆಯೇ ಮುಟ್ಟದ ವಿಷಯ. ನಿಧಿ, ವಿಮೆ, ನೋಟಿಸು ಎಲ್ಲ ಇವೆ, ಕೂಲಿಯ ಮಾತಿಲ್ಲ. ಒಂದು ಆರ್ಡರಿಗೆ ಎಷ್ಟು ಕೊಡಬೇಕೆಂಬುದು ಕಂಪೆನಿಯ ಮರ್ಜಿ. ಬೀಡಿಗೆ ಕನಿಷ್ಠ ಕೂಲಿ ನಿಗದಿಯಾಗುತ್ತದೆ, ತುಟ್ಟಿಭತ್ಯೆ ಸೇರುತ್ತದೆ. ತಾಯಿ ಕಟ್ಟಿದ ಸಾವಿರ ಬೀಡಿಗೆ ಸರಕಾರ ಗೊತ್ತುಮಾಡಿದ ಬೆಲೆಯಿತ್ತು, ಮಗ ಓಡಿಸಿದ ಹತ್ತು ಕಿಲೋಮೀಟರಿಗೆ ಇಲ್ಲ. ಒಂದು ತಲೆಮಾರು ಮುಂದೆ ಬಂದಿದ್ದೇವೆಯೋ ಹಿಂದೆ ಸರಿದಿದ್ದೇವೆಯೋ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಕಡೆಗಣಿಸುವುದು ನ್ಯಾಯವಲ್ಲ. ಕೆಲಸವೇ ಇಲ್ಲದವನಿಗೆ ಈ ಕಂಪೆನಿಗಳು ಕೆಲಸ ಕೊಟ್ಟವಲ್ಲ, ಹೆಸರು ಕೇಳಿ ಬಾಗಿಲು ಹಾಕುವ ಮಾಲೀಕರಿಗಿಂತ ಹೆಸರು ಕೇಳದ ಆ್ಯಪ್ ಮೇಲಲ್ಲವೇ ಎಂದು ನಮ್ಮ ಹುಡುಗರೇ ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ, ನೋವೂ ಇದೆ. ಮೊಹಲ್ಲಾದ ವಿಳಾಸ ನೋಡಿ ಅರ್ಜಿಯನ್ನು ಬದಿಗಿಟ್ಟ ಅನುಭವ ಇರುವವನಿಗೆ ಯಾರ ಶಿಫಾರಸೂ ಬೇಡದ ಕೆಲಸ ದೊಡ್ಡದಾಗಿ ಕಾಣುವುದು ಸಹಜ. ನೀತಿ ಆಯೋಗ 2022ರಲ್ಲಿ ಕೊಟ್ಟ ವರದಿಯಂತೆ 2020-21ರಲ್ಲಿ ದೇಶದಲ್ಲಿ ಇಂಥ ಕೆಲಸಗಾರರು 77 ಲಕ್ಷ. 2029-30ರ ಹೊತ್ತಿಗೆ 2.35 ಕೋಟಿಯಾಗುವ ಅಂದಾಜು. ಇಷ್ಟೊಂದು ಜನ ಇದನ್ನು ನೆಚ್ಚಿರುವಾಗ ಕಂಪೆನಿಗಳನ್ನು ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ಬೀಡಿಯೂ ಹಸಿದ ಮನೆಗೆ ಅನ್ನ ಕೊಟ್ಟಿತ್ತು. ಪರದೆಯೊಳಗಿನ ಹೆಣ್ಣಿಗೆ ಮನೆ ಬಾಗಿಲಿಗೇ ಕೆಲಸ ತಂದಿತ್ತು. ಹಾಗೆಂದು ಅವಳ ಪಾಸ್ ಪುಸ್ತಕ, ಭವಿಷ್ಯ ನಿಧಿ, ಹೆರಿಗೆ ಭತ್ಯೆ ಬೇಡವೆಂದು ಯಾರೂ ಹೇಳಲಿಲ್ಲ. ಅನ್ನ ಕೊಟ್ಟ ಉಪಕಾರಕ್ಕೆ ಹಕ್ಕನ್ನು ಒತ್ತೆ ಇಡಬೇಕೆಂಬ ನಿಯಮ ಎಲ್ಲಿಯದು?

ಕಾನೂನಿಲ್ಲದ ಕಡೆ ಏನಾಗುತ್ತದೆ ಎಂಬುದನ್ನೂ ಮೈಸೂರು ಕಂಡಿದೆ. ಊದುಬತ್ತಿ ಹೊಸೆಯುವ ಹೆಂಗಸರಿಗೆ ಬೀಡಿಯವರಂತೆ ಪ್ರತ್ಯೇಕ ಕಾಯ್ದೆಯಿರಲಿಲ್ಲ. ಯಂತ್ರಗಳು ಬಂದು ಕೈಯಿಂದ ಹೊಸೆಯುವ ಕೆಲಸ ಇಳಿಮುಖವಾದಾಗ ಅವರಲ್ಲಿ ಅನೇಕರು ಸದ್ದಿಲ್ಲದೆ ಕೆಲಸ ಕಳೆದುಕೊಂಡರು. ಯಾವ ಹಾಜರಿ ಪುಸ್ತಕದಲ್ಲೂ ಹೆಸರಿಲ್ಲದವರನ್ನು ಕೆಲಸದಿಂದ ತೆಗೆದರೆಂದು ಯಾರು ಹೇಳುತ್ತಾರೆ? ನಾಳೆ ಗಾಡಿಯೇ ತಾನಾಗಿ ಓಡುವ ಕಾಲ ಬಂದರೆ ಡೆಲಿವರಿ ಹುಡುಗನ ಗತಿಯೂ ಇದೇ.

ಇನ್ನು ನಮ್ಮೊಳಗಿನ ಮಾತು. ಬೀಡಿಯ ಕಂತ್ರಾಟುದಾರರಲ್ಲಿ ನಮ್ಮ ಸಮುದಾಯದವರೂ ಇದ್ದರು. ಇಂದು ಹುಡುಗರನ್ನು ಒದಗಿಸುವ ಏಜೆನ್ಸಿ ನಡೆಸುವವರಲ್ಲೂ, ಬೈಕು ಬಾಡಿಗೆಗೆ ಕೊಡುವವರಲ್ಲೂ, ಅಂಗಡಿಯ ಸರಕನ್ನು ಅತ್ಯಂತ ಕಡಿಮೆ ಕೇಳಿದವನಿಗೆ ಸಾಗಿಸಲು ವಹಿಸುವವರಲ್ಲೂ ನಮ್ಮವರಿದ್ದಾರೆ. ದುಡಿದವನ ಬೆವರು ಆರುವ ಮೊದಲೇ ಅವನ ಕೂಲಿ ಸಲ್ಲಬೇಕೆಂಬ ಬೋಧನೆಯನ್ನು ಬಾಲ್ಯದಿಂದ ಕೇಳುತ್ತ ಬೆಳೆದವರು ನಾವು. ಕೂಲಿಯನ್ನು ವಾರಗಟ್ಟಲೆ ತಡೆಹಿಡಿದು, ಅದರಲ್ಲಿ ದಂಡ ಕಳೆದು, ಉಳಿದದ್ದನ್ನು ಕೊಡುವ ವ್ಯವಹಾರಕ್ಕೆ ಆಧುನಿಕತೆಯ ಹೆಸರಿಟ್ಟರೆ ಅದು ಹಲಾಲ್ ಆಗುತ್ತದೆಯೇ? ಬಡ್ಡಿಯ ಬಗ್ಗೆ ತೋರುವ ಕಟ್ಟುನಿಟ್ಟಿನಲ್ಲಿ ಒಂದು ಪಾಲನ್ನಾದರೂ ಕೂಲಿಯ ಬಗ್ಗೆ ತೋರಿಸಿದ್ದೇವೆಯೇ? ವ್ಯಾಪಾರಿ ಸರಕು ಸಾಗಣೆಯನ್ನು ಹೊರಗೆ ಕೊಡಲಿ, ಅಡ್ಡಿಯಿಲ್ಲ. ಕೊಡುವಾಗ ಒಂದು ಪ್ರಶ್ನೆ ಕೇಳಲಿ: ನನ್ನ ಮೂಟೆ ಹೊರುವವನಿಗೆ ನೀನು ಎಷ್ಟು ಕೊಡುತ್ತೀಯ, ಅವನು ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ? ಉತ್ತರ ಸಿಗದ ಕಡೆ ಕರಾರಿಗೆ ಸಹಿ ಹಾಕದಿರಲಿ.

ಗಿರಾಕಿಗಳಾದ ನಾವೂ ತಪ್ಪಿತಸ್ಥರೇ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬೇಕೆಂದು ನಮಗೆ ಅನ್ನಿಸಿದ್ದು ಯಾವಾಗ? ದೇವರಾಜ ಮಾರುಕಟ್ಟೆಗೆ ಚೀಲ ಹಿಡಿದು ಹೋಗುತ್ತಿದ್ದ ಊರಿದು. 2025ರ ಡಿಸೆಂಬರ್ 31ರಂದು, ಊರೆಲ್ಲ ಹೊಸ ವರ್ಷದ ಊಟ ತರಿಸುವ ರಾತ್ರಿಯಲ್ಲೇ, ದೇಶದ ಹಲವೆಡೆ ಈ ಹುಡುಗರು ಮುಷ್ಕರ ಹೂಡಿದರು. ಮುಂದಿನ ತಿಂಗಳು ಕೇಂದ್ರ ಕಾರ್ಮಿಕ ಸಚಿವರು ಮಧ್ಯೆ ಪ್ರವೇಶಿಸಿದ ಮೇಲೆ ಹತ್ತು ನಿಮಿಷದ ಘೋಷಣೆ ಜಾಹೀರಾತಿನಿಂದ ಹಿಂದೆ ಸರಿಯತೊಡಗಿತು. ಜಾಹೀರಾತಿನಿಂದ ಹೋದದ್ದು ನಮ್ಮ ಮನಸ್ಸಿನಿಂದಲೂ ಹೋಗಬೇಕು. ತಡವಾಯಿತೆಂದು ಒಂದು ನಕ್ಷತ್ರ ಒತ್ತುವ ಬೆರಳು, ಕಂತ್ರಾಟುದಾರ ಬೀಡಿಯನ್ನು ಪಕ್ಕಕ್ಕೆ ಸರಿಸುತ್ತಿದ್ದ ಬೆರಳೇ ಎಂಬುದನ್ನು ಒಮ್ಮೆ ಯೋಚಿಸಿ.

ಆಗಬೇಕಾದದ್ದು ಬಹಳ ದೊಡ್ಡದೇನಲ್ಲ. ಕಲ್ಯಾಣ ಮಂಡಳಿ ಬೆಂಗಳೂರಿನ ಕಡತವಾಗಿ ಉಳಿಯದೆ ಮೈಸೂರಿನಲ್ಲಿ ಅದಕ್ಕೊಂದು ಕಚೇರಿ, ಕಚೇರಿಯಲ್ಲೊಬ್ಬ ಮನುಷ್ಯ ಇರಬೇಕು. ಶುಲ್ಕವಾಗಿ ಬಂದದ್ದೆಷ್ಟು, ಕೆಲಸಗಾರರಿಗೆ ತಲುಪಿದ್ದೆಷ್ಟು ಎಂಬುದನ್ನು ವರ್ಷವರ್ಷವೂ ಸಾರ್ವಜನಿಕರ ಮುಂದಿಡಬೇಕು. ಆರ್ಡರಿಗೂ ಕಿಲೋಮೀಟರಿಗೂ ಕಾಯುವ ಹೊತ್ತಿಗೂ ಕನಿಷ್ಠ ದರ ನಿಗದಿಯಾಗಬೇಕು. ನಮ್ಮ ಮೊಹಲ್ಲಾಗಳ ಸಂಘ ಸಂಸ್ಥೆಗಳು, ಮಸೀದಿ ಸಮಿತಿಗಳು ರೇಷನ್ ಕಿಟ್ ಹಂಚುವುದರಲ್ಲಿ ತೋರಿಸುವ ಉತ್ಸಾಹವನ್ನು ಈ ಹುಡುಗರ ಹೆಸರು ನೋಂದಾಯಿಸುವುದರಲ್ಲಿ ತೋರಿಸಬೇಕು. ಕಿಟ್ ಒಂದು ತಿಂಗಳಿಗೆ, ನೋಂದಣಿ ಒಂದು ಜೀವಮಾನಕ್ಕೆ. ಎಲ್ಲಕ್ಕಿಂತ ಮೊದಲು ಹುಡುಗರು ಒಂದಾಗಬೇಕು. ಅವರ ಅಮ್ಮಂದಿರು ಅಕ್ಷರ ಬಾರದಿದ್ದರೂ ಕೆಂಪು ಬಾವುಟ ಹಿಡಿದು ಬೀದಿಗಿಳಿದು ಕಾಯ್ದೆಗಳನ್ನು ಪಡೆದವರು.

ನಿನ್ನ ಸೇಠು ಎಲ್ಲಿರುತ್ತಾನೆ ಎಂದು ಆ ತಾಯಿ ಕೇಳಿದ ಪ್ರಶ್ನೆಗೆ ಸರಕಾರವೂ ಕಂಪೆನಿಯೂ ಉತ್ತರ ಹೇಳಲೇಬೇಕು. ಹೆಂಗಸರು ಅಂದು ಕಂತ್ರಾಟುದಾರನ ಬಾಗಿಲಲ್ಲಿ ಕೂತಾಗ ಬಾಗಿಲಿತ್ತು, ಆದ್ದರಿಂದ ನ್ಯಾಯವೂ ಹೊರಗೆ ಬಂತು. ಮೊದಲು ಆ ಬಾಗಿಲಿನ ವಿಳಾಸ ಕೊಡಿ, ದಕ್ಷತೆಯ ಮಾತನ್ನು ಅನಂತರ ಆಡೋಣ.